ಬೆಕ್ಕಿನ ಲೆಕ್ಕ: ಹುಲಿ ಉಗುರಿನಿಂದ ಶುರುವಾದ ಒಂದು ಹಿಸ್ಟರಿ

🐾 ಭಾಗ 1/6: ಅಜ್ಜಿಯ ಟ್ರಂಕು

2023ರ ಅಕ್ಟೋಬರ್ ನೆನಪಿದೆಯಾ? ಕನ್ನಡದ ಒಂದು ರಿಯಾಲಿಟಿ ಶೋ ನಡೀತಿರುವಾಗಲೇ ಒಬ್ಬ ಸ್ಪರ್ಧಿಯನ್ನು ಅರಣ್ಯ ಇಲಾಖೆಯವರು ಬಂಧಿಸಿದರು. ಕಾರಣ, ಕೊರಳಲ್ಲಿದ್ದ ಹುಲಿ ಉಗುರಿನ ಲಾಕೆಟ್. ಆ ವಾರ ಪೂರ್ತಿ ನಮ್ಮೆಲ್ಲರ ಫೀಡ್ ತುಂಬಾ ಅದೇ. ಮೀಮ್ಸ್ ಮಾಡಿದ್ವಿ, ಶೇರ್ ಮಾಡಿದ್ವಿ, ನಕ್ವಿ.

ನಮ್ಮ ಮನೆಯಲ್ಲಿ ಮಾತ್ರ ಒಂದು ರಾತ್ರಿ ಯಾರೂ ನಗಲಿಲ್ಲ. ನ್ಯೂಸ್ ಮುಗಿದ ಮೇಲೆ ಅಜ್ಜಿ ಎದ್ದು ಹೋಗಿ ಟ್ರಂಕು ತೆಗೆದು, ಹಳೇ ಬಟ್ಟೆಯ ಒಂದು ಪುಟ್ಟ ಗಂಟು ತಂದು ಅಪ್ಪನ ಮುಂದೆ ಇಟ್ಟರು. ಒಳಗೆ ಚಿನ್ನದ ಕಟ್ಟು ಹಾಕಿಸಿದ ಒಂದು ಉಗುರು. ತೀರಿಹೋದ ನಮ್ಮ ಅಜ್ಜಂದು. "ಇದನ್ನೇನ್ ಮಾಡೋದೋ ಈಗ?" ಅಂದರು ಅಜ್ಜಿ. ಅವರ ಕೈ ನಡುಗ್ತಿತ್ತು.

ಚಿಕ್ಕಪ್ಪ "ನಾಲೆಗೆ ಎಸೆದುಬಿಡಿ" ಅಂದರು. ಅಮ್ಮ "ಇಷ್ಟು ಹಳೇದನ್ನ ಯಾರು ಕೇಳ್ತಾರೆ?" ಅಂದರು. ಅಪ್ಪ ಫೋನಿನಲ್ಲಿ ಕಾಯ್ದೆ ಹುಡುಕ್ತಾ ಕೂತರು. ಹುಲಿಯಂಥ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು.

ಹೆಬ್ಬೆರಳಿನಷ್ಟು ಉದ್ದದ ಒಂದು ಉಗುರಿಗೆ ಇಷ್ಟೊಂದು ಭಯ ಯಾಕೆ? ಈ ಕಾನೂನು ಯಾಕೆ ಬಂತು? ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಬಿಕಾಂ ಸೇರಿ, ಆಮದು-ರಫ್ತು ಪಾಠ ಓದುವಾಗ ಒಂದು ವಿಷಯ ತಲೆಗೆ ಹೊಳೀತು. ಹುಲಿ ಉಳಿಸಿದ ಕಥೆಯನ್ನ ನಮಗೆ ಯಾವಾಗಲೂ ಕಾಡಿನ ಕಥೆಯಾಗಿ ಹೇಳ್ತಾರೆ. ಅದರಲ್ಲಿ ಅರ್ಧ ವ್ಯಾಪಾರದ ಕಥೆ.

ಆರು ಭಾಗದಲ್ಲಿ ಹೇಳ್ತೀನಿ. ಉಗುರು ಏನಾಯ್ತು ಅನ್ನೋದು ಕೊನೇಲಿ 👉

🐾 ಭಾಗ 2/6: ಒಂದು ಕೋಟು, ಸಾವಿರಾರು ಚರ್ಮ

1962. ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಾಕ್ವೆಲಿನ್ ಕೆನಡಿ ಚಿರತೆ ಚರ್ಮದ ಕೋಟು ಹಾಕಿಕೊಂಡು ಕಾಣಿಸಿಕೊಂಡರು. ಡಿಸೈನ್ ಮಾಡಿದವರು ಓಲೆಗ್ ಕ್ಯಾಸಿನಿ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಆಕೆ ಆ ಕಾಲದ ಅತಿ ದೊಡ್ಡ ಇನ್‌ಫ್ಲುಯೆನ್ಸರ್. ಆಕೆ ಹಾಕಿದ್ದು ಎಲ್ಲರಿಗೂ ಬೇಕು.

ಚುಕ್ಕೆ ಚರ್ಮದ ಕೋಟು ಅದಕ್ಕೂ ಮೊದಲೇ ಇತ್ತು, ಆದರೆ ಈಗ ಅದು ಕ್ರೇಜ್ ಆಯ್ತು. ಒಂದು ಕೋಟಿಗೆ ಒಂದು ಚಿರತೆ ಸಾಲಲ್ಲ, ಅದನ್ನ ಮರೀಬೇಡಿ. ಚುಕ್ಕೆಗೆ ಚುಕ್ಕೆ ಹೊಂದಬೇಕು, ಹಾಗಾಗಿ ಹಲವು ಚರ್ಮ ಬೇಕು. ಚಿಕ್ಕ ಬೆಕ್ಕಾದ್ರೆ ಇನ್ನೂ ಜಾಸ್ತಿ.

1968ರ ಒಂದೇ ವರ್ಷದಲ್ಲಿ, ಅಮೆರಿಕ ಒಂದೇ ದೇಶ ಆಮದು ಮಾಡಿಕೊಂಡ ಚರ್ಮಗಳ ಲೆಕ್ಕ ನೋಡಿ:
▪️ ಆಸೆಲಾಟ್ (ಅಮೆರಿಕ ಖಂಡದ ಚುಕ್ಕೆ ಬೆಕ್ಕು): ಸುಮಾರು 1,29,000
▪️ ಜಾಗ್ವಾರ್: ಸುಮಾರು 13,500
▪️ ಚಿರತೆ: ಸುಮಾರು 9,600
▪️ ಚೀತಾ: ಸುಮಾರು 1,300

ಇದರಲ್ಲಿ ಯುರೋಪಿನ ಲೆಕ್ಕ ಸೇರಿಲ್ಲ. ಹೊಡೆಯುವಾಗ ಹಾಳಾದ ಚರ್ಮ, ತಾಯಿ ಸತ್ತ ಮೇಲೆ ಉಪವಾಸ ಬಿದ್ದು ಸತ್ತ ಮರಿಗಳು ಯಾವ ಲೆಡ್ಜರಿನಲ್ಲೂ ಇಲ್ಲ.

ಫ್ಯಾಕ್ಟರಿಯಾದ್ರೆ ಡಿಮ್ಯಾಂಡ್ ಜಾಸ್ತಿ ಆದಾಗ ಪ್ರೊಡಕ್ಷನ್ ಜಾಸ್ತಿ ಮಾಡಬಹುದು. ಕಾಡಿನಲ್ಲಿ ಆಗಲ್ಲ. ಹೆಣ್ಣು ಚಿರತೆ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೋ ಮೂರೋ ಮರಿ ಹಾಕುತ್ತೆ, ಅವು ದೊಡ್ಡವಾಗೋವರೆಗೂ ಒಂದೂವರೆ-ಎರಡು ವರ್ಷ ಜೊತೆಗಿಟ್ಟುಕೊಂಡು ಸಾಕುತ್ತೆ. ಸರಕು ಕಮ್ಮಿಯಾದ ಹಾಗೆ ಬೆಲೆ ಏರುತ್ತೆ, ಬೆಲೆ ಏರಿದ ಹಾಗೆ ಬೇಟೆ ಜಾಸ್ತಿ ಆಗುತ್ತೆ.

ಒಂದು ದೇಶ ಬೇಟೆ ನಿಷೇಧ ಮಾಡಿದ್ರೆ ಸಾಕಲ್ವಾ? ಸಾಲಲ್ಲ. ಚರ್ಮ ಗಡಿ ದಾಟಿ ಪಕ್ಕದ ದೇಶಕ್ಕೆ ಹೋಗಿ, ಅಲ್ಲಿಂದ ಕಾನೂನುಬದ್ಧ ಸರಕಾಗಿ ಹಡಗು ಹತ್ತುತ್ತಿತ್ತು. ಕಾನೂನು ಗಡಿಯಲ್ಲಿ ನಿಂತುಬಿಡುತ್ತೆ, ಸರಕು ನಿಲ್ಲಲ್ಲ. ಹಾಗಾದ್ರೆ ಏನು ಮಾಡಿದ್ರು? 👉

🐾 ಭಾಗ 3/6: ದೆಹಲಿ, ಬಂಡೀಪುರ, ವಾಷಿಂಗ್ಟನ್

ಮೊದಲ ದನಿ ಎದ್ದಿದ್ದು 1963ರಲ್ಲಿ, ನೈರೋಬಿಯಲ್ಲಿ. ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಸಭೆ, ಅಪರೂಪದ ಪ್ರಾಣಿಗಳ ಆಮದು-ರಫ್ತಿಗೆ ಎಲ್ಲ ದೇಶಗಳಿಗೂ ಸೇರಿ ಒಂದೇ ಒಪ್ಪಂದ ಬೇಕು ಅಂತ ನಿರ್ಣಯ ಮಾಡಿತು. ನಿರ್ಣಯ ಆಯ್ತು, ಒಪ್ಪಂದ ಆಗೋಕೆ ಹತ್ತು ವರ್ಷ ಹಿಡೀತು.

ಅದೇ ಸಂಸ್ಥೆಯ ಮಹಾಸಭೆ 1969ರಲ್ಲಿ ದೆಹಲಿಯಲ್ಲಿ ನಡೀತು. ಆಗ ನಮ್ಮ ರಾಜಧಾನಿಯ ಅಂಗಡಿಗಳಲ್ಲೇ ಹುಲಿ, ಚಿರತೆ ಚರ್ಮ ವಿದೇಶಿ ಗಿರಾಕಿಗಳಿಗೆ ಮಾರಾಟ ಆಗ್ತಿತ್ತು. ಹುಲಿ ಅಳಿವಿನ ಅಂಚಿನಲ್ಲಿದೆ ಅನ್ನೋ ಮಾತು ಆ ಸಭೆಯಲ್ಲಿ ಜಗತ್ತಿಗೆ ಕೇಳಿಸಿತು. ಮುಂದಿನದೆಲ್ಲ ಬೇಗ ಬೇಗ ಆಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷ ಎಣಿಸಿದಾಗ ಸಿಕ್ಕ ಹುಲಿಗಳು 1,827. ಹೆಜ್ಜೆ ಗುರುತು ನೋಡಿ ಮಾಡಿದ ಲೆಕ್ಕ ಅದು, ಪಕ್ಕಾ ಅಲ್ಲ, ಆದ್ರೂ ಹೆದರೋಕೆ ಸಾಕಿತ್ತು.

ಡಬ್ಲ್ಯೂಡಬ್ಲ್ಯೂಎಫ್‌ನ ಗೈ ಮೌಂಟ್‌ಫರ್ಟ್ ಇಂದಿರಾ ಗಾಂಧಿಯವರನ್ನು ಭೇಟಿಯಾದರು, ಹುಲಿಗಾಗಿ ಹೊರದೇಶಗಳಲ್ಲಿ ಚಂದಾ ಎತ್ತಿದರು. 1973ರ ಏಪ್ರಿಲ್ 1ಕ್ಕೆ ಪ್ರಾಜೆಕ್ಟ್ ಟೈಗರ್ ಶುರು. ಕೈಲಾಸ್ ಸಾಂಖಲಾ ಅದರ ಮೊದಲ ನಿರ್ದೇಶಕರು. ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಅದಕ್ಕೆ ಒಂದು ತಿಂಗಳು ಮೊದಲು, 1973ರ ಮಾರ್ಚ್ 3ಕ್ಕೆ, ವಾಷಿಂಗ್ಟನ್‌ನಲ್ಲಿ ಸುಮಾರು 80 ದೇಶಗಳ ಪ್ರತಿನಿಧಿಗಳು ಒಂದು ಒಪ್ಪಂದದ ಪಠ್ಯಕ್ಕೆ ಒಪ್ಪಿಗೆ ಕೊಟ್ಟಿದ್ದರು. ಹೆಸರು ಸೈಟೀಸ್. 1975ರ ಜುಲೈ 1ರಿಂದ ಜಾರಿ. ಭಾರತ 1976ರಲ್ಲಿ ಸೇರಿತು. (ಮಾರ್ಚ್ 3 ಈಗ ವಿಶ್ವ ವನ್ಯಜೀವಿ ದಿನ. ಸ್ಟೇಟಸ್ ಹಾಕ್ತೀರಲ್ಲ, ಅದರ ಮೂಲ ಇದೇ.)

ಕಾಮರ್ಸ್ ಓದೋರಿಗೆ ಸೈಟೀಸ್ ಅರ್ಥ ಮಾಡ್ಕೊಳ್ಳೋದು ಸುಲಭ. ಅದರ ಮೊದಲ ಪಟ್ಟಿಯಲ್ಲಿರೋ ಪ್ರಾಣಿ ಗಡಿ ದಾಟಬೇಕಾದ್ರೆ ಕಳಿಸೋ ದೇಶದ ರಫ್ತು ಪರವಾನಗಿ ಬೇಕು, ತಗೊಳ್ಳೋ ದೇಶದ ಆಮದು ಪರವಾನಗಿಯೂ ಬೇಕು, ಲಾಭದ ವ್ಯಾಪಾರಕ್ಕೆ ಕೊಡೋ ಹಾಗಿಲ್ಲ. ಎರಡು ಕಡೆಯೂ ಎಂಟ್ರಿ. ಒಂದು ಕಡೆ ಸುಳ್ಳು ಬರೆದ್ರೆ ಇನ್ನೊಂದು ಕಡೆ ಟ್ಯಾಲಿ ಆಗಲ್ಲ. ನಮ್ಮ ಡಬಲ್ ಎಂಟ್ರಿಯೇ ತಾನೆ 😄 👉

🐾 ಭಾಗ 4/6: ಇದು ಇಲ್ವಾ, ಅದು ಕೊಡಿ

ಪಟ್ಟಿ ಕೆಲಸ ಮಾಡಿತು. ಜಾಗ್ವಾರ್, ಚಿರತೆ, ಚೀತಾ, ಹಿಮ ಚಿರತೆ ಕೋಟುಗಳು ದೊಡ್ಡ ಅಂಗಡಿಗಳ ಕಿಟಕಿಯಿಂದ ಮಾಯ ಆದವು. ಒಂದು ಕಾಲಕ್ಕೆ ಅಂತಸ್ತಿನ ಗುರುತಾಗಿದ್ದ ಕೋಟು ನಿಧಾನಕ್ಕೆ ಹಾಕಿಕೊಳ್ಳೋಕೆ ನಾಚಿಕೆ ಆಗೋ ವಸ್ತುವಾಯ್ತು. ಕ್ಯಾಸಿನಿ ಕೂಡ ಆ ಕೋಟಿನ ಬಗ್ಗೆ ಪಶ್ಚಾತ್ತಾಪ ಪಟ್ಟು, ವಯಸ್ಸಾದ ಮೇಲೆ ಕೃತಕ ತುಪ್ಪಳದ ಬಟ್ಟೆ ಡಿಸೈನ್ ಮಾಡಿದರು.

ಕಥೆ ಇಲ್ಲಿಗೆ ಮುಗಿದಿದ್ರೆ ಎಷ್ಟು ಚೆನ್ನಾಗಿತ್ತು.

ಫಸ್ಟ್ ಸೆಮ್‌ನಲ್ಲಿ ಬದಲಿ ಸರಕು ಅಂತ ಓದಿದ್ವಲ್ಲ? ಕಾಫಿ ತುಟ್ಟಿ ಆದ್ರೆ ಟೀ ಕುಡೀತಾರೆ ಅನ್ನೋ ಉದಾಹರಣೆ. ಇಲ್ಲೂ ಅದೇ ಆಯ್ತು. ದೊಡ್ಡ ಬೆಕ್ಕು ಸಿಗಲ್ಲ ಅಂದಾಗ ವ್ಯಾಪಾರಿಗಳು ಚಿಕ್ಕ ಬೆಕ್ಕಿನ ಕಡೆ ತಿರುಗಿದರು. ದಕ್ಷಿಣ ಅಮೆರಿಕದಲ್ಲಿ ಜೆಫ್ರಾಯ್ ಬೆಕ್ಕು ಅಂತ ಇದೆ, ನಮ್ಮ ಮನೆ ಬೆಕ್ಕಿನಷ್ಟೇ ಗಾತ್ರ, ಮೈತುಂಬ ಚುಕ್ಕೆ. 1970ರ ದಶಕದ ಕೊನೆಯ ಕೆಲವೇ ವರ್ಷಗಳಲ್ಲಿ ಅರ್ಜೆಂಟೀನಾದಿಂದ ಅದರ ಲಕ್ಷಕ್ಕೂ ಹೆಚ್ಚು ಚರ್ಮ ರಫ್ತಾದವು. ಬೆಕ್ಕು ಚಿಕ್ಕದಾದಷ್ಟೂ ಒಂದು ಕೋಟಿಗೆ ಸಾಯೋ ಸಂಖ್ಯೆ ದೊಡ್ಡದು.

ಏಷ್ಯಾದಲ್ಲಿ ಆ ಸರದಿ ಚಿರತೆ ಬೆಕ್ಕಿಂದು. ನಮ್ಮ ಪಶ್ಚಿಮ ಘಟ್ಟದಲ್ಲೂ ಇರೋ ಪ್ರಾಣಿ ಇದು. ಚೀನಾದಿಂದ ಅದರ ಚರ್ಮ ದೊಡ್ಡ ಪ್ರಮಾಣದಲ್ಲಿ ಯುರೋಪಿಗೆ ಹೋಗ್ತಿತ್ತು. 1988ರಲ್ಲಿ ಯುರೋಪಿಯನ್ ಸಮುದಾಯ ಆ ಆಮದು ನಿಲ್ಲಿಸಿತು.

1977ರಲ್ಲೇ ಸೈಟೀಸ್ ಒಂದು ಮುಖ್ಯ ಹೆಜ್ಜೆ ಇಟ್ಟಿತ್ತು. ಒಂದೊಂದೇ ಜಾತಿಯ ಹೆಸರು ಬರೆಯೋ ಬದಲು, ಮನೆ ಬೆಕ್ಕು ಬಿಟ್ಟು ಇಡೀ ಬೆಕ್ಕಿನ ಕುಟುಂಬವನ್ನೇ ಪಟ್ಟಿಗೆ ಸೇರಿಸಿತು. ಮೊದಲ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಎರಡನೇ ಪಟ್ಟಿಗೆ. ಈ ಎರಡನೇ ಪಟ್ಟಿಯಲ್ಲಿ ವ್ಯಾಪಾರ ಪೂರ್ತಿ ನಿಷೇಧ ಅಲ್ಲ, ಆದರೆ ರಫ್ತು ಪರವಾನಗಿ ಬೇಕು, ಈ ರಫ್ತಿನಿಂದ ಆ ಪ್ರಾಣಿಯ ಉಳಿವಿಗೆ ಧಕ್ಕೆ ಇಲ್ಲ ಅಂತ ಕಳಿಸೋ ದೇಶ ಖಾತ್ರಿ ಮಾಡಿಕೊಂಡಿರಬೇಕು. ಇದರಿಂದ ವ್ಯಾಪಾರ ತಕ್ಷಣ ನಿಲ್ಲಲಿಲ್ಲ. ಆದರೆ ಎಷ್ಟು ಚರ್ಮ, ಎಲ್ಲಿಂದ ಎಲ್ಲಿಗೆ ಅನ್ನೋದು ಮೊದಲ ಸಲ ಕಾಗದದ ಮೇಲೆ ಕಾಣೋಕೆ ಶುರುವಾಯ್ತು. ಲೆಕ್ಕ ಕಂಡ ಮೇಲೆ ಪ್ರಶ್ನೆ ಕೇಳಬಹುದಲ್ವಾ?

ಮುಂದಿನ ಭಾಗದಲ್ಲಿ ಕೋಟು ಇರಲ್ಲ. ಔಷಧಿ ಇರುತ್ತೆ 👉

🐾 ಭಾಗ 5/6: ಚರ್ಮ ಬಿಟ್ಟು ಮೂಳೆಗೆ

1990ರ ದಶಕದ ಶುರುವಿನಲ್ಲಿ ಭಾರತದ ಕಾಡುಗಳಲ್ಲಿ ಹುಲಿಗಳು ಮತ್ತೆ ಕಾಣೆಯಾಗತೊಡಗಿದವು. ಈ ಸಲ ಡಿಮ್ಯಾಂಡ್ ಮೂಳೆಗೆ. ಪೂರ್ವ ಏಷ್ಯಾದ ಸಾಂಪ್ರದಾಯಿಕ ಔಷಧಿಯಲ್ಲಿ, ವೈನ್‌ನಲ್ಲಿ ಹುಲಿ ಮೂಳೆ ಬಳಸ್ತಿದ್ರು. 1993ರಲ್ಲಿ ದೆಹಲಿಯಲ್ಲಿ ಒಂದೇ ದಾಳಿಯಲ್ಲಿ 250 ಕಿಲೋಗೂ ಹೆಚ್ಚು ಹುಲಿ ಮೂಳೆ ಸಿಕ್ಕಿತು. ಎಷ್ಟು ಹುಲಿ ಆಗಬಹುದು, ನೀವೇ ಯೋಚನೆ ಮಾಡಿ.

ಚೀನಾ 1993ರಲ್ಲೇ ಹುಲಿ ಮೂಳೆ ವ್ಯಾಪಾರ ನಿಷೇಧಿಸಿತು. ತೈವಾನ್ ಮೇಲೆ ಅಮೆರಿಕ 1994ರಲ್ಲಿ ವ್ಯಾಪಾರ ನಿರ್ಬಂಧ ಹಾಕಿತು. ಹುಲಿ, ಖಡ್ಗಮೃಗದ ಅಂಗಾಂಗ ಮಾರೋದನ್ನ ಸರಿಯಾಗಿ ತಡೀತಿಲ್ಲ, ಹಾಗಾಗಿ ನಿಮ್ಮಿಂದ ವನ್ಯಜೀವಿ ಉತ್ಪನ್ನ ಏನನ್ನೂ ಕೊಳ್ಳಲ್ಲ ಅಂತ. ತೈವಾನ್ ಕಾನೂನು ಬಿಗಿ ಮಾಡಿತು, ಮರುವರ್ಷ ನಿರ್ಬಂಧ ತೆಗೆದರು. ಹುಲಿಗಾಗಿ ಒಂದು ಕಡೆಯ ವನ್ಯಜೀವಿ ಉತ್ಪನ್ನಗಳ ಆಮದು ನಿಲ್ಲಿಸಿದ್ದು ನಮ್ಮ ಯಾವ ಟೆಕ್ಸ್ಟ್‌ಬುಕ್ಕಲ್ಲೂ ಇಲ್ಲ ನೋಡಿ.

ಆಮೇಲೆ ಇನ್ನೊಂದು ವಾದ ಬಂತು. "ಕಾಡಿನ ಹುಲಿ ಮುಟ್ಟಲ್ಲ, ಕೋಳಿ ಥರ ಹುಲಿ ಸಾಕ್ತೀವಿ, ಅದರ ಮೂಳೆ ಮಾರ್ತೀವಿ." ಕೇಳೋಕೆ ಸರಿ ಅನ್ಸುತ್ತೆ, ಸಪ್ಲೈ ಜಾಸ್ತಿ ಆದ್ರೆ ಬೆಲೆ ಇಳೀಬೇಕಲ್ಲ. ಆದರೆ ಸಾಕಿದ ಹುಲಿಗೆ ವರ್ಷಗಟ್ಟಲೆ ಮಾಂಸ ಹಾಕಬೇಕು, ಕಾಡಿನ ಹುಲಿಗೆ ಒಂದು ಉರುಳು ಸಾಕು. ಅಂಗಡಿಯಲ್ಲಿಟ್ಟ ಮೂಳೆ ಯಾವುದರದ್ದು ಅಂತ ಗಿರಾಕಿಗೆ ಗೊತ್ತಾಗಲ್ಲ. ಒಂದು ಬಾಗಿಲು ಕಾನೂನುಬದ್ಧವಾಗಿ ತೆರೆದ್ರೆ ಕಳ್ಳಮಾಲೂ ಅದರಲ್ಲೇ ನುಗ್ಗುತ್ತೆ. 2007ರಲ್ಲಿ ಹೇಗ್ ನಗರದ ಸಭೆಯಲ್ಲಿ ಸೈಟೀಸ್ ದೇಶಗಳು, ಅಂಗಾಂಗ ಮಾರೋಕೆ ಅಂತ ಹುಲಿ ಸಾಕಬಾರದು ಅಂತ ತೀರ್ಮಾನ ಮಾಡಿದವು.

ಅಷ್ಟರಲ್ಲಿ ನಮ್ಮ ಮನೆಯೊಳಗೇ ಒಂದು ಪೆಟ್ಟು ಬಿದ್ದಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಹುಲಿ ಸೊನ್ನೆ. ಹೆಸರಿಗೆ ಹುಲಿ ಮೀಸಲು, ಒಳಗೆ ಹುಲಿಯೇ ಇಲ್ಲ. ಒಪ್ಪಂದದ ಕಾಗದ ಬಂದರಿನಲ್ಲಿ ಸರಕು ತಡೀಬಹುದು, ಕಾಡಿನಲ್ಲಿ ಗಾರ್ಡ್ ಕೆಲಸ ಅದು ಮಾಡಲ್ಲ 👉

🐾 ಭಾಗ 6/6: ಬ್ಯಾಲೆನ್ಸ್ ಶೀಟ್

2010ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಲಿ ಇರೋ 13 ದೇಶಗಳು ಸೇರಿದವು. ಆಗ ಜಗತ್ತಿನ ಕಾಡುಗಳಲ್ಲಿ ಬರೀ 3,200ರಷ್ಟು ಹುಲಿ ಅಂತ ಅಂದಾಜು. 2022ಕ್ಕೆ ದುಪ್ಪಟ್ಟು ಮಾಡ್ತೀವಿ ಅಂತ ಗುರಿ ಇಟ್ಟರು.

ಜಮಾ ಕಡೆ: ಭಾರತದಲ್ಲಿ 2006ರಲ್ಲಿ 1,411 ಇದ್ದ ಹುಲಿಗಳ ಅಂದಾಜು 2022ಕ್ಕೆ 3,682. ಕರ್ನಾಟಕದಲ್ಲೇ 563. ನೇಪಾಳವೂ ಗುರಿ ಮುಟ್ಟಿತು.

ಖರ್ಚು ಕಡೆ: ಕಾಂಬೋಡಿಯಾದಲ್ಲಿ ಕಾಡು ಹುಲಿ ಕೊನೆಯದಾಗಿ ಕ್ಯಾಮೆರಾಗೆ ಸಿಕ್ಕಿದ್ದು 2007ರಲ್ಲಿ. ಲಾವೋಸ್, ವಿಯೆಟ್ನಾಂಗಳಲ್ಲೂ ಮರಿ ಹಾಕೋ ಹುಲಿ ಉಳಿದಿಲ್ಲ. ಒಟ್ಟು ಜಗತ್ತಿನ ಲೆಕ್ಕದಲ್ಲಿ ದುಪ್ಪಟ್ಟು ಆಗಲಿಲ್ಲ. ಹುಲಿ ಮೂಳೆ ಸಿಗದಾಗ ಸಿಂಹದ ಮೂಳೆ, ಜಾಗ್ವಾರ್ ಹಲ್ಲು ಮಾರುಕಟ್ಟೆಗೆ ಬಂದವು, ಮತ್ತದೇ ಬದಲಿ ಸರಕಿನ ಕಥೆ. ಇನ್ನೊಂದು ಖರ್ಚನ್ನ ನಾವು ಬರೆಯೋದೇ ಇಲ್ಲ. ನಾಗರಹೊಳೆಯಿಂದ ಹೊರಬಂದ ಜೇನುಕುರುಬರಂಥ ಜನ ಹುಲಿಗಾಗಿ ತಮ್ಮ ಹಾಡಿ ಬಿಟ್ಟುಕೊಟ್ಟರು. ಚರ್ಮದ ಕೋಟು ಹಾಕಿದ್ದು ಅವರಲ್ಲ.

2023ರ ಏಪ್ರಿಲ್ 9ಕ್ಕೆ, ಪ್ರಾಜೆಕ್ಟ್ ಟೈಗರ್‌ಗೆ 50 ವರ್ಷ ತುಂಬಿದಾಗ, ನಮ್ಮ ಮೈಸೂರಿನಲ್ಲೇ ಇಂಟರ್‌ನ್ಯಾಷನಲ್ ಬಿಗ್ ಕ್ಯಾಟ್ ಅಲಯನ್ಸ್ ಘೋಷಣೆ ಆಯ್ತು. ಹುಲಿ, ಸಿಂಹ, ಚಿರತೆ, ಹಿಮ ಚಿರತೆ, ಚೀತಾ, ಜಾಗ್ವಾರ್, ಪ್ಯೂಮಾ, ಈ ಏಳು ಬೆಕ್ಕುಗಳಿಗಾಗಿ ದೇಶಗಳ ಕೂಟ. ಆರೇ ತಿಂಗಳಿಗೆ ಅದೇ ರಾಜ್ಯದಲ್ಲಿ ಉಗುರಿನ ಗಲಾಟೆ.

ಈಗ ನಮ್ಮ ಮನೆ ಉಗುರು. ಅಪ್ಪ ನಾಲೆಗೆ ಎಸೆಯಲಿಲ್ಲ. ಬೆಳಿಗ್ಗೆ ಅದನ್ನ ಅರಣ್ಯ ಕಚೇರಿಗೆ ತಗೊಂಡು ಹೋದರು, ನಾನೂ ಜೊತೆಗೆ ಹೋದೆ. ಅಲ್ಲಿದ್ದವರು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದು ಉಗುರಲ್ಲ, ಕೊಂಬು ಕೆತ್ತಿ ಮಾಡಿರೋದು" ಅಂದರು. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಮನೆಗೆ ಬಂದು ಹೇಳಿದಾಗ ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಜ್ಜಂಗೆ ಗೊತ್ತಾಗದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು" ಅಂದರು.

ನನಗೆ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ. ಆದರೆ ಅಜ್ಜ ದುಡ್ಡು ಕೊಟ್ಟಿದ್ದು ಹುಲಿ ಉಗುರು ಅಂತ ನಂಬಿಯೇ. ಅಂಥ ನೂರು ಜನ ಗಿರಾಕಿಗಳಲ್ಲಿ ತೊಂಬತ್ತು ಜನಕ್ಕೆ ಕೊಂಬು ಸಿಕ್ಕಿದ್ರೂ ಉಳಿದ ಹತ್ತಕ್ಕೆ ಎಲ್ಲೋ ಒಂದು ಹುಲಿ ಸಾಯಬೇಕು. 1962ರ ಕೋಟಿಗೂ ನಮ್ಮ ಟ್ರಂಕಿನ ಲಾಕೆಟ್ಟಿಗೂ ಇರೋ ಸಂಬಂಧ ಅದೇ: ಎರಡು ಕಡೆಯೂ ಕೊಳ್ಳೋರು ಇದ್ದರು. ಒಪ್ಪಂದ ಬಂದರನ್ನ ಕಾಯುತ್ತೆ, ಗಾರ್ಡ್ ಕಾಡನ್ನ ಕಾಯ್ತಾನೆ. "ಅಸಲಿ ಪೀಸ್ ಇದೆ, ಡಿಎಂ ಮಾಡಿ" ಅನ್ನೋ ರೀಲ್‌ಗೆ ನಾವು ಹಾಕೋ ಲೈಕನ್ನ ಯಾರೂ ಕಾಯಲ್ಲ. ಅಂಥ ಪೋಸ್ಟ್ ಕಂಡ್ರೆ ಲೈಕ್ ಬೇಡ, ತಮಾಷೆಗೂ ಶೇರ್ ಬೇಡ. ರಿಪೋರ್ಟ್ ಮಾಡಿ.

ನಿಮ್ಮ ಮನೆಯಲ್ಲೂ ಇಂಥ ಟ್ರಂಕು ಇದ್ದರೆ, ಮೊದಲು ಮನೆಯ ದೊಡ್ಡವರ ಹತ್ತಿರ ಕೂತು ಮಾತಾಡಿ. ಬೈಬೇಡಿ. ಅವರ ಕಾಲದಲ್ಲಿ ಅದು ಧೈರ್ಯದ ಗುರುತಾಗಿತ್ತು.

ಇಷ್ಟ ಆದ್ರೆ ಸೇವ್ ಮಾಡಿ, ಕ್ಲಾಸ್ ಗ್ರೂಪಿಗೆ ಕಳಿಸಿ.

#ಬೆಕ್ಕಿನಲೆಕ್ಕ #ಹುಲಿ #ಬಂಡೀಪುರ #ಸೈಟೀಸ್ #ಕನ್ನಡದಲ್ಲಿಇತಿಹಾಸ #ಬಿಕಾಂಹುಡುಗರು