ಹೆಸರು ಒಂದು, ವಂಶ ಎರಡು: ಜೀಪಿನ ಸಂತತಿಯನ್ನು ಕುರಿತು

ಬಾದಾಮಿಯ ಚಾಲುಕ್ಯರನ್ನೂ ಕಲ್ಯಾಣದ ಚಾಲುಕ್ಯರನ್ನೂ ಉತ್ತರಪತ್ರಿಕೆಯಲ್ಲಿ ಒಂದೇ ಮನೆಯವರನ್ನಾಗಿ ಮಾಡಿಬಿಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು ನೆನಪಿರಬಹುದು. ಹೆಸರನ್ನು ನೋಡಿ ವಂಶವನ್ನು ನಿರ್ಣಯಿಸಬೇಡಿ, ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ ರಾಷ್ಟ್ರಕೂಟರು ಆಳಿದ್ದಾರೆ ಎಂದು ನಾನು ಎಚ್ಚರಿಸುತ್ತಿದ್ದೆ. 973ರಲ್ಲಿ ಎರಡನೆಯ ತೈಲಪನು ಅಧಿಕಾರಕ್ಕೆ ಬಂದ ಮೇಲೆ ಆ ಮನೆತನದ ಶಾಸನಗಳು ತಮ್ಮನ್ನು ಬಾದಾಮಿಯವರ ಸಂತತಿಯೆಂದೇ ವರ್ಣಿಸಿಕೊಂಡವು. ಹಳೆಯ ಹೆಸರಿಗೆ ಬೆಲೆಯಿತ್ತು. ಹೊಸ ಅರಸರಿಗೆ ಆ ಬೆಲೆ ಬೇಕಾಗಿತ್ತು. ಇದೇ ಮಾತನ್ನು ಮೋಟಾರು ವಾಹನಗಳ ವಿಷಯದಲ್ಲಿಯೂ ಹೇಳಬೇಕಾದೀತೆಂದು ಮಾತ್ರ ನಾನು ಎಂದೂ ಎಣಿಸಿರಲಿಲ್ಲ.

ಸಂದರ್ಭವಿಷ್ಟೆ. ಹೊಸನಗರದಾಚೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮಗ ಹೊಸ ವಾಹನವೊಂದನ್ನು ಕೊಳ್ಳಬೇಕೆಂದಿದ್ದಾನೆ. ಮನೆಯಲ್ಲಿ ಏಳು ಜನ. ಅಕ್ಕನಿಗೆ ಎಂಬತ್ತು ದಾಟಿದೆ, ಮೊಣಕಾಲು ಮಡಿಸುವುದು ಕಷ್ಟ. ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಹೋಗಿಬರಬೇಕು. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರು ಮಣ್ಣಿನ ದಾರಿ, ಅದರಲ್ಲೊಂದು ಕಡಿದಾದ ಏರು. "ಮಾವ, ಒಂದೇ ಕಂಪನಿಯಲ್ಲಿ ಎರಡು ಬೊಲೆರೊ, ಎರಡು ಸ್ಕಾರ್ಪಿಯೊ ಇವೆ. ಎಲ್ಲವೂ ಎತ್ತರದ ಡೀಸೆಲ್ ಗಾಡಿಗಳೇ. ವ್ಯತ್ಯಾಸ ಬರೀ ದುಡ್ಡಿನದೋ?" ಎಂದು ಕೇಳಿದ. ಮಹೀಂದ್ರಾ ಕಂಪನಿಯ ಬೊಲೆರೊ, ಬೊಲೆರೊ ನಿಯೊ, ಸ್ಕಾರ್ಪಿಯೊ ಕ್ಲಾಸಿಕ್, ಸ್ಕಾರ್ಪಿಯೊ-ಎನ್: ಈ ನಾಲ್ಕರ ವಂಶಾವಳಿಯನ್ನು ಹುಡುಕುತ್ತ ಹೊರಟವನಿಗೆ ಸ್ವಾರಸ್ಯವಾದ ಇತಿಹಾಸವೇ ದೊರೆಯಿತು.

ಆ ಕಂಪನಿ ಹುಟ್ಟಿದ್ದು 1945ರಲ್ಲಿ, ಉಕ್ಕಿನ ವ್ಯಾಪಾರಕ್ಕಾಗಿ. ಕೆ.ಸಿ. ಮಹೀಂದ್ರಾ, ಜೆ.ಸಿ. ಮಹೀಂದ್ರಾ ಎಂಬ ಸಹೋದರರು ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಅದರ ಸ್ಥಾಪಕರು. ಆಗಿನ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ದೇಶವಿಭಜನೆಯಾದಾಗ ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಆ ದೇಶದ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಎರಡು 'ಎಂ'ಗಳು ಮಾತ್ರ ಹಾಗೆಯೇ ಉಳಿದವು. ವಿಭಜನೆಯ ಇತಿಹಾಸವನ್ನು ಪಾಠ ಮಾಡುವಾಗ ಈ ಸಂಗತಿಯನ್ನು ಹೇಳಿದ್ದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರೇನೋ!

ಯುದ್ಧಕಾಲದಲ್ಲಿ ಅಮೆರಿಕದಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದ ಕೆ.ಸಿ. ಮಹೀಂದ್ರಾ ಅವರಿಗೆ ಜೀಪಿನ ಪರಿಚಯವಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಅದನ್ನೇ ನಾಗರಿಕರಿಗೂ ಮಾರಲು ತೊಡಗಿತು. 1947ರಲ್ಲಿ ಒಪ್ಪಂದವಾಗಿ, ಬಿಡಿಭಾಗಗಳಾಗಿ ಬಂದ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸಕ್ಕೆ ದಾರಿಯಾಯಿತು. ಮುಂದೆ ಇಲ್ಲಿಯೇ ತಯಾರಾಗಿ ದಶಕಗಳ ಕಾಲ ನಡೆದದ್ದು ಸಿ.ಜೆ.3ಬಿ ಎಂಬ ಮಾದರಿ. ಎತ್ತರದ ಹೊಸ ಎಂಜಿನ್ನು ಹಿಡಿಸಲೆಂದು ಅದರ ಬಾನೆಟ್ಟನ್ನು ಏರಿಸಬೇಕಾಗಿತ್ತು. ನಮ್ಮ ಊರುಗಳಲ್ಲಿ ಓಡಾಡಿದ ಹಳೆಯ ಜೀಪುಗಳ ಆ ಉಬ್ಬಿದ ಹಣೆಯ ಕಾರಣ ಅದು. ಅನೇಕ ಜೀಪುಗಳ ಸ್ಟೇರಿಂಗು ಅಮೆರಿಕದ ರೂಢಿಯಂತೆ ಎಡಗಡೆಗೇ ಇತ್ತು.

ನನ್ನ ಬಾಲ್ಯದ ಮಲೆನಾಡಿನಲ್ಲಿ 'ಜೀಪು ಬಂತು' ಎಂದರೆ ಸರ್ಕಾರ ಬಂತೆಂದೇ ಅರ್ಥ. ಚುನಾವಣೆಯ ಪೆಟ್ಟಿಗೆ, ಸಿಡುಬಿನ ಚುಚ್ಚುಮದ್ದು, ಶಾಲೆಯ ಇನ್‌ಸ್ಪೆಕ್ಟರು ಎಲ್ಲವೂ ಎಲ್ಲರೂ ಬಂದಿಳಿಯುತ್ತಿದ್ದುದು ಅದರಿಂದಲೇ. ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಬಿಗಿದುಕೊಂಡು ಕೆಸರನ್ನು ಸೀಳುತ್ತ ಅದು ಏರು ಹತ್ತುವುದನ್ನು ನೋಡಲು ನಾವು ತರಗತಿಯಿಂದ ತಪ್ಪಿಸಿಕೊಂಡು ಹೋಗುತ್ತಿದ್ದೆವು. ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಉದ್ದನೆಯ ಬೆಂಚುಗಳು; ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಆ ಬೆಂಚುಗಳನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅವು ಮುಂದೆ ಮತ್ತೆ ಬರುತ್ತವೆ.

ಪೆಟ್ರೋಲು ತುಟ್ಟಿಯಾದ ಕಾಲದಲ್ಲಿ, 1979ರಲ್ಲಿ, ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಡೀಸೆಲ್ ಎಂಜಿನ್ನು ತಯಾರಿಸುವ ಪರವಾನಗಿ ಬಂತು. ಅಮೆರಿಕದ ದೇಹಕ್ಕೆ ಫ್ರಾನ್ಸಿನ ಹೃದಯ! ಜೀಪು ಬಡವರ ಬಾಡಿಗೆ ವಾಹನವಾದದ್ದು ಆಮೇಲೆ. 1993ರಲ್ಲಿ ಅದಕ್ಕೆ ಗಟ್ಟಿಯಾದ ಮಾಡು, ಬಾಗಿಲುಗಳನ್ನು ಕೊಟ್ಟು ಅರ್ಮಡಾ ಎಂದು ಹೆಸರಿಟ್ಟರು. ಆ ಅರ್ಮಡಾದ ಬೆಳೆದ ರೂಪವೇ 2000ದಲ್ಲಿ ಬಂದ ಬೊಲೆರೊ. ಹಲವು ವರ್ಷ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಎಸ್‌ಯುವಿ ಇದು. ಹಿಂದಿನ ಚಕ್ರಗಳ ಮೇಲೆ ಇಂದಿಗೂ ಲೀಫ್ ಸ್ಪ್ರಿಂಗುಗಳಿವೆ, ಅಂದರೆ ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳು. ನಮ್ಮ ಜಟಕಾ ಗಾಡಿಗಳ ಕೆಳಗಿದ್ದುದೂ ಅದೇ ಜಾತಿಯದು. ಭಾರ ಹೊರುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಕುಳಿತವರ ಸೊಂಟವನ್ನು ಮಾತ್ರ ಅದು ಲೆಕ್ಕಕ್ಕಿಡುವುದಿಲ್ಲ. ಬೊಲೆರೊ ನಿಜವಾದ ಅರ್ಥದಲ್ಲಿ ಜೀಪಿನ ಮೊಮ್ಮಗ.

ಸ್ಕಾರ್ಪಿಯೊ ಬೇರೆಯೇ ಕವಲು. ಅಮೆರಿಕದ ಜನರಲ್ ಮೋಟಾರ್ಸ್ ಬಿಟ್ಟು 1993ರಲ್ಲಿ ತಾಯ್ನಾಡಿಗೆ ಮರಳಿದ ಎಂಜಿನಿಯರ್ ಪವನ್ ಗೋಯೆಂಕಾ ಅವರ ತಂಡ ಹೊಸದಾಗಿ ರೂಪಿಸಿದ ಈ ವಾಹನ 2002ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂತು. ಪರವಾನಗಿಯ ಮೇಲೆ ಪರರ ವಾಹನ ತಯಾರಿಸುತ್ತಿದ್ದ ಕಂಪನಿಯು ತಾನೇ ವಾಹನವನ್ನು ಕಲ್ಪಿಸಬಲ್ಲೆನೆಂದು ತೋರಿಸಿದ ಕ್ಷಣ ಅದು. 2014ರಲ್ಲಿ ಅದೇ ಹೆಸರಿನ ಕೆಳಗೆ ಚಾಸಿಯೇ ಬದಲಾಯಿತು. ಮುಖದ ಚಹರೆ ಹೆಚ್ಚು ಬದಲಾಗದ ಕಾರಣ ಜನ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಆ 2014ರ ಚಾಸಿಯ ಮೇಲೆಯೇ 2015ರಲ್ಲಿ ಟಿಯುವಿ 300 ಎಂಬ ಗಿಡ್ಡನೆಯ ವಾಹನ ಬಂತು. ಯುದ್ಧದ ಟ್ಯಾಂಕಿನಿಂದ ಅದರ ರೂಪಕ್ಕೆ ಸ್ಫೂರ್ತಿ ಎಂದು ಕಂಪನಿಯೇ ಹೇಳಿಕೊಂಡಿತ್ತು.

ಇನ್ನು ಚಾಲುಕ್ಯರ ಪಾಠ. ಆ ಟಿಯುವಿ 300 ತುಸು ತಿದ್ದಿಸಿಕೊಂಡು 2021ರ ಜುಲೈನಲ್ಲಿ ಮರಳಿ ಬಂದಾಗ ಅದರ ಹಣೆಯ ಮೇಲಿದ್ದ ಹೆಸರು ಬೊಲೆರೊ ನಿಯೊ! ಅಂದರೆ ರಕ್ತಸಂಬಂಧದಲ್ಲಿ ಅದು ಬೊಲೆರೊವಿನ ತಮ್ಮನಲ್ಲ, ಸ್ಕಾರ್ಪಿಯೊವಿನ ದಾಯಾದಿ. ಹಳ್ಳಿಹಳ್ಳಿಗಳಲ್ಲಿ ಬೊಲೆರೊ ಗಳಿಸಿದ ನಂಬಿಕೆಯನ್ನು ಹೆಸರಿನ ಮೂಲಕ ಪಡೆದುಕೊಂಡ ದತ್ತುಪುತ್ರ ಅದು. ಮರುವರ್ಷ, 2022ರ ಜೂನ್‌ನಲ್ಲಿ, ಸ್ಕಾರ್ಪಿಯೊಗೆ ಇಪ್ಪತ್ತು ತುಂಬಿದಾಗ ಹೊಸ ಚಾಸಿ, ಹೊಸ ದೇಹದ ಸ್ಕಾರ್ಪಿಯೊ-ಎನ್ ಬಂತು. ಹಳೆಯದನ್ನು ನಿಲ್ಲಿಸದೆ ಆಗಸ್ಟಿನಲ್ಲಿ 'ಕ್ಲಾಸಿಕ್' ಎಂಬ ಬಿರುದಿನೊಡನೆ ಮುಂದುವರಿಸಿದರು. ಹೀಗಾಗಿ ಕ್ಲಾಸಿಕ್ ಮತ್ತು ನಿಯೊ ಹತ್ತಿರದ ನೆಂಟರು. ಒಂದೇ ಹೆಸರನ್ನು ಹೊತ್ತ ಎರಡು ಜೋಡಿಗಳು ದೂರದವರು.

ಅಳತೆಗಳನ್ನು ನೋಡುವಾಗ ನನಗೆ ಅಚ್ಚರಿಯೊಂದು ಕಾದಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ವೀಲ್‌ಬೇಸ್ ಎನ್ನುತ್ತಾರೆ. ಬೊಲೆರೊ, ನಿಯೊ, ಕ್ಲಾಸಿಕ್ ಮೂರರಲ್ಲಿಯೂ ಅದು 2680 ಮಿಲಿಮೀಟರು! ಸ್ಕಾರ್ಪಿಯೊ-ಎನ್‌ನಲ್ಲಿ ಮಾತ್ರ 2750. ಆದರೆ ಒಟ್ಟು ಉದ್ದ ಬೇರೆ ಕಥೆ ಹೇಳುತ್ತದೆ. ಕ್ಲಾಸಿಕ್ 4456 ಮಿ.ಮೀ., ಎನ್ 4662 ಮಿ.ಮೀ.; ಬೊಲೆರೊ ಮತ್ತು ನಿಯೊ ಎರಡೂ ಸರಿಯಾಗಿ 3995 ಮಿ.ಮೀ. ನಾಲ್ಕು ಮೀಟರಿಗೆ ಐದೇ ಮಿಲಿಮೀಟರು ಕಡಿಮೆ. ಇದು ಕಾಕತಾಳೀಯವಲ್ಲ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿಗಿಂತ ಗಿಡ್ಡವಾದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಇಳಿಸಿತು. ಡೀಸೆಲ್ ಆದರೆ 1500 ಸಿಸಿ ಮೀರಬಾರದು. 2016ರಲ್ಲಿ ಬೊಲೆರೊ ಸುಮಾರು 11 ಸೆಂಟಿಮೀಟರು ಮೊಟಕಾಗಿ, 2.5 ಲೀಟರಿನ ಎಂಜಿನ್ನಿನ ಬದಲು 1493 ಸಿಸಿಯ ಎಂಜಿನ್ನು ಪಡೆದದ್ದು ಈ ರೇಖೆಯೊಳಗೆ ಬರಲೆಂದೇ. ಇಂಗ್ಲೆಂಡಿನಲ್ಲಿ 1696ರಲ್ಲಿ ಕಿಟಕಿಗಳಿಗೆ ತೆರಿಗೆ ಹಾಕಿದಾಗ ಜನ ಕಿಟಕಿಗಳಿಗೆ ಇಟ್ಟಿಗೆ ತುಂಬಿಸಿದರೆಂದು ಓದಿದ್ದೀರಲ್ಲ, ಇದೂ ಅದೇ ಬಗೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿಯೂ ಆ ಗೆರೆ ಉಳಿದಿದೆ: ಒಳಗಿನವಕ್ಕೆ ಶೇ. 18, ಹೊರಗಿನವಕ್ಕೆ ಶೇ. 40.

ಆ ಬೆಂಚುಗಳಿಗೆ ಬರೋಣ. ಬೊಲೆರೊದಲ್ಲಿಯೂ ನಿಯೊದಲ್ಲಿಯೂ ಕೊನೆಯ ಸಾಲಿನ ಆಸನಗಳು ಎದುರುಬದುರಾಗಿ, ಪಕ್ಕಕ್ಕೆ ಮುಖಮಾಡಿ ಇವೆ. ನನ್ನ ಬಾಲ್ಯದ ಜೀಪಿನ ಬೆಂಚುಗಳ ಕೊನೆಯ ಕುರುಹು ಅದು. ಕ್ಲಾಸಿಕ್‌ನಲ್ಲಿ ಮಾದರಿಗೆ ತಕ್ಕಂತೆ ಎರಡು ಬಗೆಯೂ ಉಂಟು. ಎನ್‌ನಲ್ಲಿ ಎಲ್ಲರೂ ಮುಂದಕ್ಕೆ ನೋಡಿಯೇ ಕೂರುತ್ತಾರೆ. ಮನೆಗಳಲ್ಲಿ ಹಿಂದಿನ ಸಾಲು ಯಾರ ಪಾಲಿಗೆಂದು ಬಿಡಿಸಿ ಹೇಳಬೇಕಿಲ್ಲ, ಮಕ್ಕಳ ಪಾಲಿಗೆ. ಮುಂದಿನಿಂದ ಢಿಕ್ಕಿಯಾದಾಗ ಪಕ್ಕಕ್ಕೆ ತಿರುಗಿ ಕುಳಿತ ಎಳೆಯ ದೇಹಕ್ಕೆ ಬೆನ್ನ ಹಿಂದೆಯೂ ಎದೆಯ ಮುಂದೆಯೂ ಆಸರೆಯಿರುವುದಿಲ್ಲ. ಜೀಪು ಗಂಟೆಗೆ ಮೂವತ್ತು ಮೈಲಿ ಹೋದರೆ ಅದೇ ಹೆಚ್ಚೆನ್ನುವ ಕಾಲದ ಏರ್ಪಾಡು ಇಂದಿನ ಚತುಷ್ಪಥ ಹೆದ್ದಾರಿಗೆ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸುರಕ್ಷತೆಯ ಪರೀಕ್ಷೆಗಳೂ ವಂಶಾವಳಿಯನ್ನೇ ಅನುಸರಿಸಿವೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು 2016ರಲ್ಲಿ ಏರ್‌ಬ್ಯಾಗಿಲ್ಲದ ಸ್ಕಾರ್ಪಿಯೊವನ್ನು ಢಿಕ್ಕಿ ಹೊಡೆಸಿ ನೋಡಿದಾಗ ದೊರೆತದ್ದು ಸೊನ್ನೆ ನಕ್ಷತ್ರ. ಅದೇ ಕವಲಿನ ಬೊಲೆರೊ ನಿಯೊಗೆ, ಏರ್‌ಬ್ಯಾಗುಗಳಿದ್ದರೂ, 2024ರ ಏಪ್ರಿಲ್‌ನಲ್ಲಿ ಬಂದದ್ದು ಒಂದೇ ನಕ್ಷತ್ರ. ಹೊಸ ಚಾಸಿಯ ಸ್ಕಾರ್ಪಿಯೊ-ಎನ್‌ಗೆ 2022ರ ಡಿಸೆಂಬರ್‌ನಲ್ಲಿ ದೊಡ್ಡವರ ರಕ್ಷಣೆಯಲ್ಲಿ ಐದು, ಮಕ್ಕಳ ರಕ್ಷಣೆಯಲ್ಲಿ ಮೂರು ನಕ್ಷತ್ರಗಳು ಸಂದವು. ಹೆಚ್ಚು ಭದ್ರವಾದ ವಾಹನಕ್ಕೆ ಇಮ್ಮಡಿಗೂ ಮಿಕ್ಕಿದ ತೆರಿಗೆ, ಕಡಿಮೆ ಭದ್ರವಾದದ್ದಕ್ಕೆ ರಿಯಾಯಿತಿ! ಉದ್ದವನ್ನು ಅಳೆಯುವ ಸರ್ಕಾರ ನಕ್ಷತ್ರಗಳನ್ನೂ ಎಣಿಸಬಾರದೇಕೆ ಎಂದು ನನ್ನಂಥ ಮುದುಕನಿಗೆ ಅನ್ನಿಸುತ್ತದೆ.

ಅಕ್ಕನ ಮಗನಿಗೆ ನಾನು ಹೇಳಿದ್ದು ಹೀಗೆ. ಅಡಿಕೆ ಮೂಟೆ, ಗೊಬ್ಬರ, ಆಳುಗಳನ್ನು ಒಯ್ಯುವುದೇ ಮುಖ್ಯವಾದರೆ ಬೊಲೆರೊ ಬಿಟ್ಟು ಬೇರೆ ಯೋಚಿಸುವುದು ಬೇಡ. ಅದರ 75 ಅಶ್ವಶಕ್ತಿ ಆ ಕೆಲಸಕ್ಕೆ ಸಾಕು, ರಿಪೇರಿ ಬಲ್ಲವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಆದರೆ ಮೂಟೆಗೆ ಅವನಲ್ಲಿ ಈಗಾಗಲೇ ಪಿಕಪ್ ಇದೆ. ನಿಯೊದಲ್ಲಿ 100 ಅಶ್ವಶಕ್ತಿ, ಹಿಂದೆ ಕಾಯಿಲ್ ಸ್ಪ್ರಿಂಗು. ಅಕ್ಕನ ಸೊಂಟಕ್ಕೆ ವಾಸಿ. ಮೇಲಿನ ದರ್ಜೆಯ ಒಂದು ಮಾದರಿಯಲ್ಲಿ, ಕೆಸರಿನಲ್ಲಿ ಒಂದು ಹಿಂಚಕ್ರ ಸುಮ್ಮನೆ ಗಿರಗಿರನೆ ತಿರುಗತೊಡಗಿದರೆ ಇನ್ನೊಂದಕ್ಕೆ ಬಲವನ್ನು ದಾಟಿಸುವ ಲಾಕಿಂಗ್ ಡಿಫರೆನ್ಷಿಯಲ್ ಇದೆ. ಅವನ ಮಣ್ಣಿನ ಏರಿಗೆ ಅದು ನಿಜಕ್ಕೂ ಉಪಯುಕ್ತ. ಆದರೆ ಆ ಒಂದು ನಕ್ಷತ್ರ ಮತ್ತು ಆ ಪಕ್ಕದ ಆಸನಗಳು ನನ್ನನ್ನು ತಡೆಯುತ್ತವೆ. ಕ್ಲಾಸಿಕ್ ಮೇಲೆ ಅವನಿಗೆ ಹುಡುಗುತನದಿಂದಲೂ ಮೋಹ, ಶೇ. 40 ತೆರಿಗೆಯನ್ನೂ ತೆತ್ತು ಹಿಂದಿನ ತಲೆಮಾರಿನ ಚಾಸಿಯನ್ನು ಮನೆಗೆ ತರುವುದರಲ್ಲಿ ಮೋಹವನ್ನು ಬಿಟ್ಟು ಬೇರೆ ಕಾರಣ ನನಗೆ ಕಾಣಲಿಲ್ಲ. ಸಾಲ ಒಂದೆರಡು ವರ್ಷ ಉದ್ದವಾದರೂ ಸರಿ, ಸ್ಕಾರ್ಪಿಯೊ-ಎನ್‌ನ ಕೆಳದರ್ಜೆಯ ಡೀಸೆಲ್ ಮಾದರಿಯನ್ನು ಮೊದಲು ನೋಡು ಎಂದೆ. ನೋಡುವಾಗ ಅಕ್ಕನನ್ನೂ ಕರೆದೊಯ್ದು, ಯಾರೂ ಕೈಹಿಡಿಯದೆ ಅವಳೇ ಹತ್ತಿ ಇಳಿಯಲಿ. ಮೆಟ್ಟಿಲಿನ ಎತ್ತರ ಯಾವ ಪುಸ್ತಿಕೆಯಲ್ಲಿಯೂ ಅವಳ ಮೊಣಕಾಲಿನ ಲೆಕ್ಕದಲ್ಲಿ ಬರೆದಿರುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ತರುಣರು ಥಾರ್ ಏಕೆ ಬೇಡವೆಂದು ಕೇಳಿಯೇ ಕೇಳುತ್ತಾರೆ. 2010ರಲ್ಲಿ ಬಂದ ಥಾರ್ ಜೀಪಿನ ನೇರ ವಾರಸುದಾರ. 2020ರ ಅಕ್ಟೋಬರ್‌ನಲ್ಲಿ ಬಂದದ್ದು ಅದೇ ಹೆಸರಿನ ಹೊಸ ವಾಹನ, ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ನಕ್ಷತ್ರ ಪಡೆದದ್ದು. ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟ್‌ನಲ್ಲಿ ಬಂತು. ಅದೇ ವರ್ಷ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರಗಳನ್ನು ಪಡೆಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ ನೋಡಬಹುದಾದ ವಾಹನ. ಆದರೆ ಅದರಲ್ಲಿರುವುದು ಐದೇ ಆಸನ. ಹೊಸನಗರದ ಮನೆಯಲ್ಲಿ ಇರುವವರು ಏಳು ಜನ.