ಅಂಟಾರ್ಕ್ಟಿಕ ತಳಜಲ

ಅಂಟಾರ್ಕ್ಟಿಕ ಖಂಡದ ಕರಾವಳಿಯಲ್ಲಿ ಚಳಿಗಾಲದಲ್ಲಿ ರೂಪುಗೊಂಡು, ಸಾಗರಗಳ ತಳದುದ್ದಕ್ಕೂ ಉತ್ತರಕ್ಕೆ ಹರಡುವ ಜಲರಾಶಿ. ಉಷ್ಣತೆ ಸುಮಾರು -0.8ರಿಂದ 2 ಡಿಗ್ರಿ ಸೆಲ್ಸಿಯಸ್. ಸಾವಿರ ಭಾಗಕ್ಕೆ 34.6-34.7 ಭಾಗ ಲವಣ. ತೆರೆದ ಸಾಗರದಲ್ಲಿ ಇಷ್ಟು ಸಾಂದ್ರವಾದ ನೀರು ಬೇರೊಂದಿಲ್ಲ.

ಉತ್ಪತ್ತಿ: ಖಂಡದ ಒಳನಾಡಿನಿಂದ ಇಳಿದು ಬರುವ ಕೊರೆಯುವ ಗಾಳಿ ಕಡಲಿನ ಮಂಜುಗಡ್ಡೆಯನ್ನು ತೀರದಿಂದ ಆಚೆಗೆ ತಳ್ಳುತ್ತದೆ. ಹೀಗೆ ತೆರವಾದ ಜಾಗಕ್ಕೆ ಪಾಲಿನ್ಯಾ ಎಂದು ಹೆಸರು. ಅಲ್ಲಿ ಗಾಳಿಗೆ ಒಡ್ಡಿಕೊಂಡ ನೀರು ಸುಮಾರು -1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಹೊಸ ಮಂಜುಗಡ್ಡೆಯನ್ನು ಗಾಳಿ ಮತ್ತೆ ದೂಡುತ್ತದೆ. ಹೆಪ್ಪುಗಟ್ಟುವಾಗ ಬಹುಪಾಲು ಉಪ್ಪು ಹೊರಬೀಳುವುದರಿಂದ ಉಳಿದ ನೀರು ಹೆಚ್ಚು ಉಪ್ಪಾಗಿ, ಭಾರವಾಗಿ ಖಂಡಾವರಣದ ಮೇಲೆ ಸಂಗ್ರಹವಾಗುತ್ತದೆ. ಬಳಿಕ ಅದು ಖಂಡಾವರಣದ ಇಳಿಜಾರಿನಲ್ಲಿ ಸುತ್ತಲಿನ ನೀರಿನೊಡನೆ ಬೆರೆಯುತ್ತ ಸಾವಿರಾರು ಮೀಟರ್ ಆಳಕ್ಕೆ ಇಳಿಯುತ್ತದೆ.

ನೆಲೆಗಳು: ವೆಡೆಲ್ ಸಮುದ್ರ, ರಾಸ್ ಸಮುದ್ರ ಮತ್ತು ಅಡೇಲಿ ತೀರ ಬಹುಕಾಲದಿಂದ ತಿಳಿದಿದ್ದ ನೆಲೆಗಳು. ಪ್ರಿಡ್ಜ್ ಕೊಲ್ಲಿಯ ಪಶ್ಚಿಮಕ್ಕಿರುವ ಡಾರ್ನ್ಲಿ ಭೂಶಿರ ನಾಲ್ಕನೆಯದೆಂದು 2013ರಲ್ಲಿ ಪ್ರಕಟವಾಯಿತು. ಚಳಿಗಾಲದಲ್ಲಿ ಹಡಗುಗಳು ಹೋಗಲಾಗದ ಆ ಕಡಲಿನ ಮಾಹಿತಿಯನ್ನು ಒದಗಿಸಿದವುಗಳಲ್ಲಿ ಆನೆ ಸೀಲ್‌ಗಳೂ ಸೇರಿದ್ದವು: ಅವುಗಳ ತಲೆಗೆ ಅಂಟಿಸಿದ್ದ ಉಪಕರಣಗಳು, ಅವು ಮುಳುಗಿ ಏಳುವಾಗಲೆಲ್ಲ ಉಷ್ಣತೆ ಮತ್ತು ಲವಣತೆಯನ್ನು ದಾಖಲಿಸಿದವು. ಭಾರತದ ಭಾರತಿ ಸಂಶೋಧನಾ ಕೇಂದ್ರ ಇರುವುದೂ ಇದೇ ಪ್ರಿಡ್ಜ್ ಕೊಲ್ಲಿಯ ದಂಡೆಯಲ್ಲಿ.

ಮಹತ್ವ: ಆಳಸಾಗರಕ್ಕೆ ಆಮ್ಲಜನಕ ತಲುಪಿಸುವ ಮುಖ್ಯ ದಾರಿಗಳಲ್ಲಿ ಇದೊಂದು. ಮೇಲ್ಪದರದ ಇಂಗಾಲವೂ ಇದರೊಡನೆ ಕೆಳಗಿಳಿದು ಶತಮಾನಗಳ ಕಾಲ ವಾತಾವರಣದಿಂದ ದೂರ ಉಳಿಯುತ್ತದೆ.

ಹಿಮದೊಡನೆ ನಂಟು: ಖಂಡದ ಹಿಮ ಕರಗಿ ಸಿಹಿನೀರು ಸೇರಿದರೆ ಕರಾವಳಿಯ ನೀರು ಹಗುರಾಗಿ, ತಳಕ್ಕಿಳಿಯುವುದು ಕುಗ್ಗುತ್ತದೆ. ಹಿಮ ಮುರಿದುಬಿದ್ದರೂ ಹೀಗಾಗಬಹುದು: 2010ರ ಫೆಬ್ರವರಿಯಲ್ಲಿ ಬಿ-9ಬಿ ಎಂಬ ಹಿಮಬಂಡೆ ಬಡಿದು, ಅಡೇಲಿ ತೀರದ ಬಳಿಯ ಮೆರ್ಟ್ಜ್ ಹಿಮನದಿಯ ಕಡಲಿಗೆ ಚಾಚಿದ್ದ ಭಾಗದಿಂದ ಸುಮಾರು 78 ಕಿ.ಮೀ. ಉದ್ದದ ತುಂಡು ಕಳಚಿತು. ತೇಲಿಬರುವ ಮಂಜುಗಡ್ಡೆಯನ್ನು ತಡೆದು ಅಲ್ಲಿನ ಪಾಲಿನ್ಯಾವನ್ನು ಕಾಪಾಡುತ್ತಿದ್ದುದು ಆ ಚಾಚೇ. ಅದು ಮುರಿದ ಮೇಲೆ ಅಡೇಲಿ ತೀರದಲ್ಲಿ ಭಾರದ ನೀರಿನ ಉತ್ಪತ್ತಿ ಇಳಿಯಿತು. ಕಳೆದ ಕೆಲವು ದಶಕಗಳ ಅಳತೆಗಳ ಪ್ರಕಾರ ತಳಜಲ ಒಟ್ಟಾರೆ ಬೆಚ್ಚಗಾಗಿದೆ, ಅದರ ಪದರ ತೆಳುವಾಗಿದೆ. ಬೆಚ್ಚಗಾದ ನೀರು ಹಿಗ್ಗುವುದರಿಂದ ಸಮುದ್ರಮಟ್ಟವೂ ಏರುತ್ತದೆ. ತಳಜಲದ ಈ ಕುಸಿತ ಮುಂದುವರಿದರೆ ಆಳಸಾಗರದ ಜೀವಿಗಳಿಗೆ ಆಮ್ಲಜನಕದ ಕೊರತೆ ಕಾಡುತ್ತದೆ. ಆದ್ದರಿಂದ ಈ ಬದಲಾವಣೆಗಳನ್ನು ಅಳೆಯಲು, 6,000 ಮೀಟರ್ ಆಳದವರೆಗೆ ಇಳಿಯಬಲ್ಲ ಆರ್ಗೋ ಎಂಬ ತೇಲುಯಂತ್ರಗಳ ಜಾಲವನ್ನು ವಿಸ್ತರಿಸುವುದು ಇಂದಿನ ತುರ್ತು.