ಹೊಗೆ, ಬೆಂಕಿ ಮತ್ತು ಹಸಿಸೌದೆ

ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದನ್ನು ಒಪ್ಪಿದ ನಮ್ಮ ನೈಯಾಯಿಕರು, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬ ಮಾತನ್ನು ಒಪ್ಪಲಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯಿದ್ದೂ ಧೂಮವಿಲ್ಲದಿರುವುದನ್ನು ತೋರಿಸಿ, ಇವೆರಡರ ನಡುವೆ ಹಸಿಸೌದೆಯೆಂಬ ಮೂರನೆಯದೊಂದು ಅಡಗಿದೆಯೆಂದು ಹೇಳಿ, ಅದಕ್ಕೆ ಉಪಾಧಿಯೆಂದು ಹೆಸರಿಟ್ಟರು. ಸಿಗರೇಟಿನ ಹೊಗೆಯನ್ನು ಕುರಿತು ಇಂಗ್ಲೆಂಡಿನಲ್ಲಿ ನಡೆದ ವಾದವೂ ಇಂಥದೊಂದು ಹಸಿಸೌದೆಯ ಅನ್ವೇಷಣೆಯೇ ಆಗಿತ್ತು.

ಒಂದರೊಡನೊಂದು ಏರಿಳಿಯುವುದನ್ನು ಅಳೆದು ಇಂಥ ಅನ್ವೇಷಣೆಗೆ ನೆರವಾಗುವ ರಿಗ್ರೆಷನ್ನೆಂಬ ಗಣಿತವಿಧಾನವು ಹೆತ್ತವರ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿದ ಗಾಲ್ಟನ್ನರ 1886ರ ಪ್ರಬಂಧದಿಂದ ಪ್ರಸಿದ್ಧಿಗೆ ಬಂದಿತು. 1899ರಲ್ಲಿ ಸಂಖ್ಯಾಶಾಸ್ತ್ರಜ್ಞ ಯೂಲರು ಹಲವು ಅಂಶಗಳನ್ನು ಏಕಕಾಲದಲ್ಲಿ ತೂಗಿ ಇಂಗ್ಲೆಂಡಿನ ದಾರಿದ್ರ್ಯದ ಏರಿಳಿತಗಳನ್ನು ವಿವರಿಸಿದರಾದರೂ, ತಾವು ‘ಇದರಿಂದಾಗಿ’ ಎಂದು ಬರೆದುದನ್ನು ವಸ್ತುತಃ ‘ಇದರೊಡನೆ ಕೂಡಿ’ ಎಂದೇ ಗ್ರಹಿಸಬೇಕೆಂದು ಒಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಪ್ರಬಂಧದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುವುದು ಈ ಟಿಪ್ಪಣಿಯೇ.

1950ರಲ್ಲಿ ಡಾಲ್ ಮತ್ತು ಹಿಲ್ ಎಂಬಿಬ್ಬರು ಸಂಶೋಧಕರು, ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ 649 ಗಂಡಸರಲ್ಲಿ ಧೂಮಪಾನವನ್ನರಿಯದವರು ಇಬ್ಬರೇ ಎಂದೂ, ಹೋಲಿಕೆಗೆಂದು ಆರಿಸಿದ ಅಷ್ಟೇ ಮಂದಿ ಅನ್ಯರೋಗಿಗಳಲ್ಲಿ ಅಂಥವರು 27 ಎಂದೂ ಪ್ರಕಟಿಸಿದರು. ಇದನ್ನು ಕೇಳಿ ಸಿಡಿದೆದ್ದವರು, ಸಂಖ್ಯಾಶಾಸ್ತ್ರದ ಮಹಾಚಾರ್ಯರೂ ಬಾಯಲ್ಲಿ ಸದಾ ಪೈಪು ಕಚ್ಚಿಕೊಂಡಿರುತ್ತಿದ್ದವರೂ ಆದ ರೊನಾಲ್ಡ್ ಫಿಷರರು. ಸಿಗರೇಟು ಏನನ್ನು ಉಂಟುಮಾಡುತ್ತದೆಂಬುದು ಆಮೇಲಿನ ಮಾತು, ಸಿಗರೇಟನ್ನು ಸೇದಿಸುವುದು ಯಾವುದೆಂಬುದನ್ನು ಮೊದಲು ಹೇಳಿರಿ ಎಂಬುದು ಅವರ ಆಕ್ಷೇಪದ ತಿರುಳು. ಏಕಾಂಡಜ ಯಮಳರ ಧೂಮಪಾನದ ಅಭ್ಯಾಸಗಳಲ್ಲಿ ಇತರ ಯಮಳರಿಗಿಂತ ಹೆಚ್ಚಿನ ಸಾಮ್ಯವಿರುವುದನ್ನು ಎತ್ತಿ ತೋರಿಸಿ, ಚಟಕ್ಕೂ ರೋಗಕ್ಕೂ ಬೀಜವಾದ ವಂಶಗುಣವೊಂದು ಹುದುಗಿರಬಹುದೆಂದು ಅವರು 1958ರಲ್ಲಿ ವಾದಿಸಿದರು. ತಂಬಾಕು ತಯಾರಕರ ಸಮಿತಿಗೆ ಅವರು ಸಲಹೆಗಾರರಾಗಿದ್ದರೆಂಬುದು ನಿಜ. ಆದರೆ ಪ್ರಶ್ನೆಯು ನ್ಯಾಯವಾದುದೇ ಆಗಿತ್ತು.

ಉತ್ತರವು ಮರುವರ್ಷವೇ ಅಮೆರಿಕದಿಂದ ಬಂದಿತು. ಸೇದುವವರಿಗೆ ರೋಗದ ಅಪಾಯವು ಒಂಬತ್ತು ಪಾಲು ಅಧಿಕವಾಗಿದ್ದು, ಅದಕ್ಕೆಲ್ಲ ಗುಪ್ತಗುಣವೊಂದೇ ಹೊಣೆಯೆನ್ನುವುದಾದರೆ, ಆ ಗುಣವು ಸೇದದವರಿಗಿಂತ ಸೇದುವವರಲ್ಲಿ ಒಂಬತ್ತು ಪಾಲಿಗೆ ಕಡಿಮೆಯಿಲ್ಲದೆ ವ್ಯಾಪಿಸಿರಬೇಕಷ್ಟೆ, ಅಂಥದನ್ನು ತೋರಿಸಿರಿ ಎಂದು ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಕಾರ್ನ್‌ಫೀಲ್ಡರೂ ಅವರ ಸಂಗಡಿಗರೂ ಕೇಳಿದರು. ತೋರಿಸಿದವರಿಲ್ಲ. ಹಸಿಸೌದೆಯಿದೆಯೆಂದರೆ ಸಾಲದು, ಅದು ಎಷ್ಟು ಹೊರೆಯಿರಬೇಕೆಂಬುದನ್ನೂ ಲೆಕ್ಕ ಹಾಕಬೇಕೆಂಬ ಈ ವಿವೇಕವು ಫಿಷರರಿಗೇ ಹೊಳೆಯದಿದ್ದುದು ಆಶ್ಚರ್ಯ.

ಇನ್ನೊಬ್ಬ ಸಂದೇಹವಾದಿ ಮೇಯೋ ಕ್ಲಿನಿಕ್ಕಿನ ಬರ್ಕ್‌ಸನ್ನರು. 1944ರಲ್ಲಿ ಅವರು ಟಂಕಿಸಿದ ‘ಲಾಜಿಟ್’ ಎಂಬ, ಹೌದು-ಅಲ್ಲವೆಂಬ ಉತ್ತರಗಳ ರಿಗ್ರೆಷನ್ನಿನಲ್ಲಿ ಬಳಸುವ ಪದವೇ, ಸೇದುವನೋ ಸೇದನೋ ಎಂಬ ಪ್ರಶ್ನೆಯನ್ನು ವಯಸ್ಸು, ವಿದ್ಯೆ, ಬೆಲೆ, ತಂದೆಯ ಚಟ ಮುಂತಾದವುಗಳೊಡನಿಟ್ಟು ತೂಗುವ ವಿದ್ಯಾರ್ಥಿಗಳ ಬಾಯಲ್ಲಿ ಈಗ ಸಲೀಸಾಗಿ ಓಡಾಡುತ್ತದೆ. ಅವರ ಲೆಕ್ಕದ ಫಲಿತಾಂಶದ ಕೋಷ್ಟಕದಲ್ಲಿ ತಂದೆಯ ಚಟದೆದುರಿಗೆ ದೊಡ್ಡ ಧನಸಂಖ್ಯೆಯೊಂದು ಬಂದಾಗ, ಮಗನಿಗೆ ಕಿಡಿ ಹತ್ತಿದುದು ತಂದೆಯ ಕೈಯ ಸಿಗರೇಟಿನಿಂದಲೋ, ಇಬ್ಬರೂ ಹುಟ್ಟಿ ಬೆಳೆದ ಕೇರಿಯಿಂದಲೋ ಎಂಬುದನ್ನು, ಕೇರಿಯನ್ನು ಲೆಕ್ಕದಲ್ಲಿ ಸೇರಿಸದ ಹೊರತು, ಆ ಸಂಖ್ಯೆಯು ಹೇಳಲಾರದು.